ಕಾಲು ಮುರಿದ ಅಕ್ಷರದಿಂದ ಶುರುವಾದ ಕಾಮಿಕ್

"ದಿನವಿಡೀ ಅಂಗಡಿಯಲ್ಲಿ ಕೂತು ಮದುವೆ ಕಾಗದ, ಬ್ಯಾನರು ಮಾಡ್ತೀರಿ, ರಾತ್ರಿ ಮತ್ತೆ ಅದೇ ಕಂಪ್ಯೂಟರ್ ಮುಂದೆ ಕೂತು ಕಾಮಿಕ್ ಬರೆಯೋದು ಎಂತಕ್ಕೆ ಮಾರಾಯ್ರೇ?" ಕಾಸರಗೋಡಿನ ಕುಂಬಳೆಯಲ್ಲಿ ಸಿಕ್ಕಿದವರೆಲ್ಲ ಕೇಳುವ ಪ್ರಶ್ನೆ ಇದು.

ಉತ್ತರ: ಒಂದು ಮದುವೆ ಕಾಗದ ಹಾಳಾಯಿತು, ಅದಕ್ಕೆ.

ಮುಹೂರ್ತ ನೋಡಿದ್ದೆ, ಫೋನ್ ನಂಬರ್ ಎರಡು ಸಲ ನೋಡಿದ್ದೆ. 300 ಕಾಗದ ಪ್ರಿಂಟ್ ಆಗಿ ಬಂದ ಮೇಲೆ ಹುಡುಗಿಯ ಅಜ್ಜಿ ಕನ್ನಡಕ ಏರಿಸಿ, "ಈ ಅಕ್ಷರಕ್ಕೆ ಕಾಲು ಮುರಿದದ್ದು ಹೇಗೆ?" ಅಂತ ಕೇಳಿದರು. 'ಪ್ರೀತಿ' ಅನ್ನುವುದು 'ಪ್‌ರೀತಿ' ಆಗಿತ್ತು. ಹಳೆಯ ಫೋಟೋಶಾಪ್‌ನಲ್ಲಿ ಭಾರತೀಯ ಲಿಪಿಗಳಿಗೆ ಬೇರೆಯೇ ಸೆಟ್ಟಿಂಗ್ ಉಂಟು, ಅದನ್ನು ಹಾಕದಿದ್ದರೆ ಒತ್ತು ಕೆಳಗೆ ಇಳಿಯುವುದೇ ಇಲ್ಲ. ಹೊಸ ಕಂಪ್ಯೂಟರಿನಲ್ಲಿ ಹಾಕಲು ಮರೆತಿದ್ದೆ. ತಪ್ಪು ನನ್ನದೇ, ಮರುಪ್ರಿಂಟಿನ ಖರ್ಚೂ ನನ್ನದೇ.

ಆ ರಾತ್ರಿ ನಿದ್ದೆ ಬರಲಿಲ್ಲ. ಹಾಳಾದ ಕಾಗದದ ಹಿಂಬದಿಯಲ್ಲಿ ಸುಮ್ನೆ ಗೀಚಿದೆ. 'ಪ'ದ ಅಡಿಯಲ್ಲಿ ಮುದುಡಿ ಕೂರಬೇಕಾದ ರ ಒತ್ತು ಕೊಡೆ ಹಿಡಿದು ಬಸ್ ಸ್ಟಾಪಿನಲ್ಲಿ ಒಂಟಿಯಾಗಿ ನಿಂತಿದೆ. ಬಸ್ಸಿನ ಬೋರ್ಡು ಮಲಯಾಳದಲ್ಲಿದೆ. ಹತ್ತಿದರೆ ಒಳಗೆ ಮಲಯಾಳದ ರ ಒತ್ತು ಕೂತಿದೆ! ಇಲ್ಲೊಂದು ಮಜಾ ಉಂಟು, ನಮ್ಮ ರ ಒತ್ತು ಅಕ್ಷರದ ಅಡಿಗೆ ಹೋಗುತ್ತದೆ, ಅವರದ್ದು ಅಕ್ಷರದ ಎಡಕ್ಕೆ, ಮುಂದೆಯೇ ಬಂದು ನಿಲ್ಲುತ್ತದೆ. ಹಾಗಾಗಿ ಅದಕ್ಕೆ ಸ್ವಲ್ಪ ಜಾಸ್ತಿ ಜಂಭ. "ನೀನು ಯಾವಾಗಲೂ ಕೆಳಗೆ ಯಾಕೆ?" ಅಂತ ಕೇಳುತ್ತದೆ. "ನೀನು ಯಾವಾಗಲೂ ಮುಂದೆ ಯಾಕೆ?" ಅಂತ ನಮ್ಮದು. ಅಷ್ಟೇ ಮೊದಲ ಕಂತು, ನಾಲ್ಕು ಚೌಕ.

ಇದು ಪೂರ್ತಿ ಹೊಸತೂ ಅಲ್ಲ. ಚಿಕ್ಕವನಿದ್ದಾಗ ನಾನು ಬಾಲಮಂಗಳ ಅನ್ನುವ ಮಕ್ಕಳ ಪತ್ರಿಕೆಯಲ್ಲಿ ಡಿಂಗ ಅನ್ನುವ ಇಲಿಯ ಕಾಮಿಕ್ ಓದುತ್ತಿದ್ದೆ, ಪಕ್ಕದ ಮನೆಯ ಹುಡುಗ ಮಲಯಾಳದಲ್ಲಿ ಅವನನ್ನೇ ಡಿಂಕನ್ ಅಂತ ಓದುತ್ತಿದ್ದ. ಇಲಿ ಒಂದೇ, ಬಾಯಿಂದ ಬರುವ ಅಕ್ಷರ ಮಾತ್ರ ಬೇರೆ. 1956ರ ನವೆಂಬರಿನಲ್ಲಿ ಕೇರಳಕ್ಕೆ ಸೇರಿದ ಊರಿನಲ್ಲಿ ಬೆಳೆದವರಿಗೆ ಇದೇನೂ ವಿಚಿತ್ರ ಅಲ್ಲ, ಅಲ್ವಾ?

ಚಿತ್ರ ಬರೆಯುವುದು ಸುಲಭ, ಮಾತಿನ ಗುಳ್ಳೆ ಕಷ್ಟ. ಕನ್ನಡಕ್ಕೆ ಮೇಲೆ ಗುಡಿಸು ಬೇಕು, ಕೆಳಗೆ ಒತ್ತು ಬೇಕು. ಸಾಲುಗಳ ನಡುವೆ ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಜಾಗ ಬಿಟ್ಟರೆ ಗುಳ್ಳೆ ಬಲೂನಿನ ಹಾಗೆ ಊದಿ ಪಾತ್ರದ ಮುಖವನ್ನೇ ಮುಚ್ಚುತ್ತದೆ. 1080 ಪಿಕ್ಸೆಲ್ ಅಗಲದ ಚೌಕದಲ್ಲಿ ಎಷ್ಟು ಅಂತ ತುರುಕುವುದು? ಕಡೆಗೆ ಮಾತನ್ನೇ ಕಡಿಮೆ ಮಾಡಿದೆ. ಅಂಗಡಿಯಲ್ಲಾದರೆ "ಹೆಸರು ಇನ್ನೂ ದೊಡ್ಡದಾಗಲಿ" ಅನ್ನುವವರು ಹಿಂದೆಯೇ ನಿಂತಿರುತ್ತಾರೆ. ಇಲ್ಲಿ ಹಿಂದೆ ಯಾರೂ ಇಲ್ಲ, ಫ್ಯಾನ್ ಒಂದೇ.

2024ರಲ್ಲಿ ತುಳು ಲಿಪಿಯೂ ಯೂನಿಕೋಡಿಗೆ, ಅಂದರೆ ಕಂಪ್ಯೂಟರು ಎಲ್ಲ ಭಾಷೆಗಳ ಅಕ್ಷರ ಗುರುತಿಸುವ ಪಟ್ಟಿಗೆ, ಸೇರಿತು. ಬಸ್ಸಿನ ಹಿಂದಿನ ಸೀಟು ಅದಕ್ಕೇ ಇಟ್ಟಿದ್ದೇನೆ. ಮುಖ ಹೇಗಿರಬೇಕು ಅಂತ ಮೂರು ವಾರದಿಂದ ಗೀಚುತ್ತಿದ್ದೇನೆ, ಇನ್ನೂ ಸಿಕ್ಕಿಲ್ಲ.