ಲಂಡನ್ನಿನ ಸ್ಟ್ರ್ಯಾಂಡ್ ಬೀದಿ: ನಕ್ಷೆಗಳ ಜೋಡಣೆ ಎಲ್ಲಿಗೆ ಬಂತು

ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯ ಹಳೆಯ ನಕ್ಷೆಗಳನ್ನು ಒಂದರ ಮೇಲೊಂದು ಹೊಂದಿಸುವ ಕೆಲಸದಲ್ಲಿ ದಕ್ಷಿಣದ ಬದಿ ಬಹುಮಟ್ಟಿಗೆ ಮುಗಿದಿದೆ. ನಕ್ಷೆಕಾರ ಜಾನ್ ರೋಕ್ 1746ರಲ್ಲಿ ಪ್ರಕಟಿಸಿದ ನಕ್ಷೆಯನ್ನು ಇಂದಿನ ನಕ್ಷೆಯ ಮೇಲೆ ಕೂರಿಸಲು, ಅಂದಿನಿಂದ ಇಂದಿನವರೆಗೆ ಜಾಗ ಬದಲಿಸದ ಗುರುತುಗಳು ಬೇಕಿದ್ದವು. ಸೇಂಟ್ ಕ್ಲೆಮೆಂಟ್ ಡೇನ್ಸ್ ಮತ್ತು ಸೇಂಟ್ ಮೇರಿ ಲ ಸ್ಟ್ರ್ಯಾಂಡ್ ಚರ್ಚುಗಳು ಅದಕ್ಕೆ ಒದಗಿದವು. ಹದಿನಾರನೆಯ ಶತಮಾನದ ಅಗಾಸ್ ನಕ್ಷೆಯನ್ನು ಮಾತ್ರ ಹೀಗೆ ಕೂರಿಸಲಾಗದು. ಅದು ನಗರವನ್ನು ಎತ್ತರದಿಂದ ಕಂಡಂತೆ ಬಿಡಿಸಿದ ಚಿತ್ರವಾದ್ದರಿಂದ, ಅದನ್ನು ಪಕ್ಕದಲ್ಲಿಟ್ಟುಕೊಂಡು, ಬೀದಿಗೂ ಥೇಮ್ಸ್ ನದಿಗೂ ನಡುವೆ ಸಾಲಾಗಿದ್ದ ಶ್ರೀಮಂತರ ಭವನಗಳನ್ನು ಗುರುತಿಸಲಷ್ಟೇ ಬಳಸುತ್ತಿದ್ದೇನೆ.

ಜೋಡಣೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ನದಿಯ ಅಂಚು. ಬೀದಿಯ ಗೆರೆ ಹೆಚ್ಚು ಕದಲಿಲ್ಲ, ನೀರು ದೂರ ಸರಿದಿದೆ. 1858ರ ಬೇಸಿಗೆಯಲ್ಲಿ ಥೇಮ್ಸಿನ ದುರ್ನಾತ ತಾಳಲಾರದಷ್ಟಾದ ಮೇಲೆ ಎಂಜಿನಿಯರ್ ಜೋಸೆಫ್ ಬಜಾಲ್ಜೆಟ್ ಕೈಗೊಂಡ ಒಳಚರಂಡಿ ಯೋಜನೆಯ ಭಾಗವಾಗಿ, ನದಿಯ ಅಂಚನ್ನು ತುಂಬಿ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್ ಎಂಬ ನದಿದಂಡೆಯ ರಸ್ತೆ ಕಟ್ಟಲಾಯಿತು. 1870ರಲ್ಲಿ ತೆರೆದ ಆ ರಸ್ತೆಯ ಅಡಿಯಲ್ಲಿ ದೊಡ್ಡ ಚರಂಡಿಯೂ ಭೂಗತ ರೈಲುಮಾರ್ಗವೂ ಸಾಗುತ್ತವೆ. ಈ ಬದಲಾವಣೆಗೆ ಯಾರ್ಕ್ ವಾಟರ್ ಗೇಟ್‌ಗಿಂತ ಸ್ಪಷ್ಟವಾದ ಸಾಕ್ಷಿ ಇಲ್ಲವೆಂದೇ ನನ್ನ ಭಾವನೆ. ಬಕಿಂಗ್‌ಹ್ಯಾಂ ಡ್ಯೂಕನ ಮನೆಗೆ ದೋಣಿಯಲ್ಲಿ ಬಂದಿಳಿಯುವವರಿಗಾಗಿ 1626ರ ಸುಮಾರಿಗೆ ಕಟ್ಟಿದ, ಮೂರು ಕಮಾನುಗಳ ಆ ಕಲ್ಲಿನ ದ್ವಾರ ಈಗ ಉದ್ಯಾನವೊಂದರೊಳಗೆ, ನದಿಯಿಂದ ನೂರು ಮೀಟರಿಗೂ ಆಚೆ ನಿಂತಿದೆ. 1776ರಲ್ಲಿ ಕಟ್ಟಲಾರಂಭಿಸಿದ ಸಾಮರ್ಸೆಟ್ ಹೌಸ್‌ನ ಕತೆಯೂ ಇದೇ: ದೋಣಿಗಳು ಒಳಬರಲೆಂದು ಅದರ ನದೀಮುಖದಲ್ಲಿ ಬಿಟ್ಟಿದ್ದ ದೊಡ್ಡ ಕಮಾನಿನ ಮುಂದೆ ಇಂದು ವಾಹನಗಳು ಓಡುತ್ತವೆ. ಈ ಎರಡು ಜಾಗಗಳಲ್ಲಿ ಹಳೆಯ ದಡವನ್ನು ನೀಲಿ ಗೆರೆಯಿಂದ ಗುರುತಿಸಿ, ಎರಡನ್ನೂ ಕೂಡಿಸಿದಾಗ, ನಡುವೆ ತುಂಬಿದ ನೆಲದ ಅಗಲ ಒಂದೇ ನೋಟಕ್ಕೆ ತಿಳಿಯುತ್ತದೆ.

ಯಾವ ಅಂಗಡಿ ಯಾವಾಗ ಬಂತು, ಯಾವಾಗ ಹೋಯಿತು ಎಂಬ ಪಟ್ಟಿಯನ್ನು ಸದ್ಯಕ್ಕೆ ಬದಿಗಿರಿಸಿದ್ದೇನೆ. ಫಲಕಗಳ ಬದಲಾವಣೆಗಿಂತ ನೆಲದ ಬದಲಾವಣೆಯೇ ಈ ಬೀದಿಯ ಸ್ವಭಾವವನ್ನು ಹೆಚ್ಚು ತಿಳಿಸುತ್ತದೆ ಎಂಬುದು ನನ್ನ ನಂಬಿಕೆ, ಮತ್ತು ಉತ್ತರದ ಬದಿಯೂ ಅದನ್ನೇ ಹೇಳುತ್ತದೆ. 1905ರಲ್ಲಿ ತೆರೆದ ಕಿಂಗ್ಸ್‌ವೇ ಮತ್ತು ಆಲ್ಡ್‌ವಿಚ್ ರಸ್ತೆಗಳಿಗಾಗಿ ವಿಚ್ ಸ್ಟ್ರೀಟ್, ಹಾಲಿವೆಲ್ ಸ್ಟ್ರೀಟ್‌ಗಳೆಂಬ ಇಕ್ಕಟ್ಟಾದ ಬೀದಿಗಳು ಸಂಪೂರ್ಣ ಅಳಿಸಿಹೋದವು. 2022ರಲ್ಲಿ ಸೇಂಟ್ ಮೇರಿ ಚರ್ಚಿನ ಸುತ್ತಲಿನ ಭಾಗವನ್ನು ವಾಹನಮುಕ್ತಗೊಳಿಸಿದ ಮೇಲೆ, ಅಲ್ಲಿಯ ಸಂಚಾರವೆಲ್ಲ ಇದೇ ಆಲ್ಡ್‌ವಿಚ್ ಕಡೆಗೆ ತಿರುಗಿತು.

ಮುಂದಿನ ಹಂತಕ್ಕೆ ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯ 1890ರ ದಶಕದ 1:1056 ಪ್ರಮಾಣದ ಹಾಳೆಗಳನ್ನು ಆರಿಸಿಕೊಂಡಿದ್ದೇನೆ. ಕೆಡವುವುದಕ್ಕೆ ಮುಂಚಿನ ಒಂದೊಂದು ಕಟ್ಟಡದ ಹೊರಗೆರೆಯೂ ಅವುಗಳಲ್ಲಿ ಇರುವುದರಿಂದ, ವಿಚ್ ಸ್ಟ್ರೀಟಿನ ತಿರುವನ್ನು ಇಂದಿನ ಕಟ್ಟಡಗಳ ಮೇಲೆ ಗುರುತಿಸುವ ಮೂಲಕ ಉತ್ತರದ ಬದಿಯನ್ನು ಆರಂಭಿಸಲಿದ್ದೇನೆ.