ಕೊನೆಯ ಸಾಲು ಎರಡು ಸಲ

ಶಿರಸಿಯಲ್ಲಿ ಬೆಳಗಿನಿಂದ ಬಿಡದ ಮಳೆ. ಅಣ್ಣನ ಮಗಳು ಸಿ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದಾಳೆ. ಅಡಿಕೆ ಚೀಲಗಳ ತೂಕವನ್ನು ಫೈಲಿನಿಂದ ಓದಿ ಕೂಡಿಸುವ ಪ್ರೋಗ್ರಾಂ. ಫೈಲಿನಲ್ಲಿದ್ದದ್ದು 5 ಚೀಲ, ಲೆಕ್ಕಕ್ಕೆ ಬಂದದ್ದು 6. "ಚಿಕ್ಕಪ್ಪಾ, ಕೊನೇ ಚೀಲದ 62 ಎರಡು ಸಲ ಬರ್ತಿದೆ ನೋಡು."

ಮತ್ತೆ ಮತ್ತೆ ಓಡುವ ಭಾಗ, ಅಂದರೆ ಲೂಪಿನ ಒಳಗೊಂದು ಪ್ರಿಂಟ್‌ಎಫ್ (ಪರದೆಯಲ್ಲಿ ತೋರಿಸುವ ಆಜ್ಞೆ) ಹಾಕಿ ನೋಡಿದೆವು. ತಪ್ಪು ಇದ್ದದ್ದು ವೈಲ್ ಸಾಲಿನಲ್ಲಿ, ಅಂದರೆ ಲೂಪ್ ಎಲ್ಲಿಯವರೆಗೆ ಓಡಬೇಕು ಅಂತ ಹೇಳುವ ಸಾಲಿನಲ್ಲಿ. ಫೈಲ್ ಮುಗಿಯಿತಾ ಅಂತ ಅಲ್ಲಿ ಎಫ್‌ಇಒಎಫ್ ಅನ್ನುವ ಫಂಕ್ಷನ್ನನ್ನು ಕೇಳಿದ್ದಳು. ಫೈಲ್ ಮುಗಿಯಿತು ಅಂತ ಎಫ್‌ಇಒಎಫ್ ಹೇಳುವುದು, ಓದಲು ಹೋಗಿ ಏನೂ ಸಿಗದೇ ಇದ್ದ ಮೇಲೆಯೇ. ಅಷ್ಟರಲ್ಲಿ ಹಳೆಯ 62 ಇನ್ನೊಮ್ಮೆ ಕೂಡಿರುತ್ತದೆ. ಫೈಲಿನಿಂದ ಓದುವ ಎಫ್‌ಸ್ಕ್ಯಾನ್‌ಎಫ್ 1 ಕೊಟ್ಟರೆ, ಅಂದರೆ ಒಂದು ಸಂಖ್ಯೆ ಸಿಕ್ಕರೆ ಮಾತ್ರ ಲೂಪ್ ಮುಂದುವರಿಯುವ ಹಾಗೆ ಅವಳೇ ಬದಲಿಸಿದಳು. ಲೆಕ್ಕ 5ಕ್ಕೆ ನಿಂತಿತು.

ಸುಮ್ನೆ ಉತ್ತರ ಕೇಳದೆ, ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿದಳಲ್ವಾ, ಅದು ನನಗೆ ತುಂಬಾ ಹಿಡಿಸಿತು. ಅಪ್ಪ ತೂಕದ ಚೀಟಿಯನ್ನು ಹೀಗೇ ಬೆರಳಿಟ್ಟು ಓದುತ್ತಿದ್ದರು.