ಹಿತ್ತಲ ಹಸಿರು ಮರೆ: ಹೆಡ್ಜ್ ಎಲ್ಲೀವರೆಗೆ ಬಂತು

ಮೈಸೂರಿನ ಹಳೇ ಬಡಾವಣೆ, 60x80 ಸೈಟು, ಮನೆ ಹಿಂದೆ ಹದಿನೆಂಟು ಇಪ್ಪತ್ತಡಿ ಹಿತ್ತಲು. ಹಿಂದಿನ ಸೈಟು ವರ್ಷಗಟ್ಲೆ ಖಾಲಿ ಬಿದ್ದಿತ್ತು, ಈಗ ಅಲ್ಲಿ ಗ್ರೌಂಡ್ ಪ್ಲಸ್ ಟೂ ಎದ್ದು ನಿಂತಿದೆ, ಅದರ ಬಾಲ್ಕನಿಗಳೆಲ್ಲಾ ಸೀದಾ ನಮ್ಮ ಬಟ್ಟೆ ಒಗೆಯೋ ಕಲ್ಲಿನ ಕಡೆಗೇ. ಅವರದ್ದೇನೂ ತಪ್ಪಿಲ್ಲ, ಒಳ್ಳೇ ಜನ, ಗೃಹಪ್ರವೇಶಕ್ಕೆ ಮನೆ ಮಂದಿಗೆಲ್ಲಾ ಕರೆದು ಊಟ ಹಾಕಿದ್ರು. ಆದ್ರೆ ನಮ್ಮತ್ತೆ ಸಂಜೆ ಹೊತ್ತು ಹಿತ್ತಲಲ್ಲಿ ಕೂತು ಅವರೆಕಾಯಿ ಬಿಡಿಸೋದು ನಿಲ್ಲಿಸಿಬಿಟ್ರು, ಮೇಲಿಂದ ಯಾರೋ ನೋಡ್ತಾ ಇದ್ರೆ ಕೈ ಓಡಲ್ಲ ಕಣೇ ಅಂತಾರೆ. ಶೀಟ್ ಹೊಡೆಸಿ ಕಾಂಪೌಂಡ್ ಎತ್ತರಿಸೋಣ ಅಂತ ನಮ್ಮನೆಯವರ ಐಡಿಯಾ, ಅದು ಗೋಡೌನ್ ಥರ ಕಾಣುತ್ತೆ ಅಂತ ನನ್ನ ವಾದ. ಕೊನೆಗೆ ಗಿಡದ ಬೇಲಿ, ಅಂದ್ರೆ ಹೆಡ್ಜ್, ಅಂತ ಸೆಟ್ಲ್ ಆಯ್ತು.

ಈ ಮಧ್ಯೆ ವಕೀಲಿ ಓದಿರೋ ನಮ್ಮ ಭಾವ 1882ರ ಈಸ್‌ಮೆಂಟ್ಸ್ ಆಕ್ಟ್, ಅಂದ್ರೆ ಅಕ್ಕಪಕ್ಕದ ಆಸ್ತಿಯವರ ನಡುವಿನ ಹಕ್ಕುಗಳ ಕಾನೂನು, ತೆಗೆದು ತೋರಿಸಿದ್ರು. ಅದರ 18ನೇ ಸೆಕ್ಷನ್ನಲ್ಲಿ ಉದಾಹರಣೆ ಸಮೇತ ಇದೆ: ಪಕ್ಕದ ಮನೆಯವರ ಪ್ರೈವೆಸಿಗೆ ಭಂಗ ಬರೋ ಹಾಗೆ ಹೊಸ ಕಿಟಕಿ ಇಡಬಾರದು ಅನ್ನೋ ರೂಢಿ ಒಂದೂರಲ್ಲಿ ಇದ್ರೆ, ಅಲ್ಲಿ ಮನೆ ಕಟ್ಟಿದವನಿಗೆ ಆ ಹಕ್ಕು ಸಿಗುತ್ತೆ ಅಂತ. ಓದೋಕೆ ಭಾರೀ ಖುಷಿ ಆಯ್ತು. ಆದ್ರೆ ಆ ರೂಢಿ ನಮ್ಮ ಬಡಾವಣೇಲಿ ಇದೆ ಅಂತ ಸಾಬೀತು ಮಾಡೋರು ಯಾರು, ಮಾಡಿ ತೀರ್ಪು ಬರೋ ಹೊತ್ತಿಗೆ ಯಾವ ಗಿಡ ಹಾಕಿದ್ರೂ ಮೂರು ಮಹಡಿ ದಾಟಿರುತ್ತೆ.

ಎಲ್ಲರೂ ಮೊದಲು ಯಾವ ಗಿಡ ಅಂತ ಕೇಳ್ತಾರೆ. ನಾವು ಮೊದಲು ಟೇಪು ಹಿಡಿದ್ವಿ, ಇದು ಇಡೀ ಪ್ರಾಜೆಕ್ಟಲ್ಲೇ ಅತ್ಯಂತ ಉಪಯೋಗಕ್ಕೆ ಬಂದ ಕೆಲಸ ಅದಕ್ಕೇ ಪೂರ್ತಿ ಬರೀತೀನಿ. ಅವರ ಮೊದಲ ಮಹಡಿ ಬಾಲ್ಕನೀಲಿ ನಿಂತೋರ ಕಣ್ಣು ನೆಲದಿಂದ ಸುಮಾರು 16 ಅಡಿ, ಬಾಲ್ಕನಿ ನಮ್ಮ ಕಾಂಪೌಂಡಿಂದ 5 ಅಡಿ ಆಚೆ. ಅತ್ತೆ ಕುರ್ಚಿ ಕಾಂಪೌಂಡಿಂದ 14 ಅಡಿ ಈಚೆ, ಕೂತಾಗ ತಲೆ 4 ಅಡಿ ಎತ್ತರ. ಅಂದ್ರೆ ನೋಟದ ಗೆರೆ 19 ಅಡಿ ದೂರ ಬರೋವಷ್ಟರಲ್ಲಿ 12 ಅಡಿ ಇಳಿಯುತ್ತೆ. ಗಿಡದ ಸಾಲು ಕಾಂಪೌಂಡಿಂದ 3 ಅಡಿ ಒಳಗೆ ಅಂದ್ಕೊಂಡ್ರೆ ಆ ಜಾಗದಲ್ಲಿ ಗೆರೆ 11 ಅಡಿ ಎತ್ತರದಲ್ಲಿ ಹಾದು ಹೋಗುತ್ತೆ, ಅಲ್ಲೀವರೆಗೆ ಗಿಡ ಬೇಕು. ಎರಡನೇ ಮಹಡಿಗೆ ಇದೇ ಲೆಕ್ಕ ಹಾಕಿದ್ರೆ ಹೆಚ್ಚುಕಮ್ಮಿ 17 ಅಡಿ. ಆಮೇಲೆ ನಮ್ಮನೆಯವರು ಸುಮ್ನೆ ಅಂತ ಕುರ್ಚೀನ ಮುಂದಕ್ಕೆ ಎಳೆದು ಕಾಂಪೌಂಡಿಂದ 8 ಅಡಿಗೆ ಇಟ್ಟು ಮತ್ತೆ ಲೆಕ್ಕ ಹಾಕಿದ್ರು: ಮೊದಲ ಮಹಡಿಗೆ ಒಂಬತ್ತಡಿ ಒಳಗೇ ಸಾಕು, ಎರಡನೇದಕ್ಕೆ ಹನ್ನೆರಡೂವರೆ! ಗಿಡಕ್ಕೆ ಹತ್ತಿರ ಕೂತಷ್ಟೂ ಗಿಡ ಗಿಡ್ಡ ಇದ್ರೂ ನಡೆಯುತ್ತೆ. ನಾಲ್ಕಡಿ ಎತ್ತರ ಅಂದ್ರೆ ಒಂದೂವರೆ ವರ್ಷದ ಬೆಳವಣಿಗೆ, ಅದು ಬರೀ ಕುರ್ಚಿ ಸರಿಸಿದ್ದಕ್ಕೆ ಉಳೀತು. ಬಟ್ಟೆ ಒಣಗಾಕೋ ತಂತೀನೂ ಆ ಕಡೆಗೇ ಶಿಫ್ಟ್ ಮಾಡಿದ್ವಿ.

ಇನ್ನು ಗಿಡ. ನರ್ಸರೀಲಿ ಪ್ರೈವೆಸಿ ಹೆಡ್ಜ್ ಅಂದ ತಕ್ಷಣ ಕೊನೊಕಾರ್ಪಸ್ ತೋರಿಸ್ತಾರೆ, ಬೇಗ ಬೆಳೆಯುತ್ತೆ ನಿಜ, ಆದ್ರೆ ಬೇರು ಪೈಪು ಚರಂಡಿಗೆಲ್ಲಾ ನುಗ್ಗುತ್ತೆ, ಅದರ ಪರಾಗದಿಂದ ಅಲರ್ಜಿ ಅನ್ನೋ ದೂರೂ ಇದೆ, ಗುಜರಾತ್ ಸರ್ಕಾರ 2023ರಲ್ಲಿ ಅದನ್ನ ನೆಡೋದನ್ನೇ ನಿಲ್ಲಿಸ್ತು. ನಮ್ಮ ಸಂಪು ಅಲ್ಲೇ ಪಕ್ಕದಲ್ಲಿದೆ, ಹಾಗಾಗಿ ಅದೂ ಬೇಡ, ಆಲದ ಜಾತಿಯ ಫೈಕಸ್ಸೂ ಬೇಡ. ಕಣಗಿಲೆ ನಂಗಿಷ್ಟ, ಬರ ತಡೆಯುತ್ತೆ, ಹೂವೂ ಬಿಡುತ್ತೆ, ಆದ್ರೆ ಎಲೆ ಕಾಂಡ ಎಲ್ಲಾ ವಿಷ, ಮನೇಲಿ ಎಲ್ಲದಕ್ಕೂ ಬಾಯಿ ಹಾಕೋ ನಾಯಿಮರಿ ಇದೆ. ಬಿದಿರು ಅಂದಾಗ ಅತ್ತೆ ಹಾವು ಬರುತ್ತೆ ಅಂದ್ರು, ಚರ್ಚೆ ಅಲ್ಲಿಗೇ ಮುಗೀತು. ದೊಡ್ಡ ಮರ ಹಾಕೋದು ಸುಲಭ, ನಾಳೆ ಬೇಡ ಅನ್ನಿಸಿದ್ರೆ ತೆಗೆಯೋದು ಕಷ್ಟ, 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಊರೊಳಗೆ ಬಹಳಷ್ಟು ಮರ ಕಡಿಯೋಕೆ ಪರ್ಮಿಷನ್ ಬೇಕಾಗುತ್ತೆ, ಇದನ್ನ ಗಿಡ ತರೋ ದಿನವೇ ಯೋಚ್ನೆ ಮಾಡಿ.

ಕೊನೆಗೆ ಉಳಿದಿದ್ದು ಎರಡು. ಹಿಂದಿನ ಸಾಲಿಗೆ ಅಶೋಕ, ಕಂಬದ ಥರ ನೇರ ಹೋಗುತ್ತಲ್ಲ, ಕೊಂಬೆ ಎಲ್ಲಾ ಕೆಳಗೆ ಬಗ್ಗಿರುತ್ತೆ, ಪೆಂಡುಲಾ ಅಂತಾರೆ, ಅದು. ಅಗಲ ಜಾಸ್ತಿ ತಗೊಳ್ಳಲ್ಲ, ಎಲೆ ಪೂರ್ತಿ ಉದುರಿಸಿ ಬೋಳು ನಿಲ್ಲಲ್ಲ. ಮುಂದಿನ ಸಾಲಿಗೆ ಮುರಾಯ, ಕೆಲವು ಕಡೆ ಕಾಮಿನಿ ಅಂತಾರೆ, ಕರಿಬೇವಿನ ನೆಂಟ, ಬಿಳಿ ಹೂವು, ರಾತ್ರಿ ಆದ್ರೆ ಹಿತ್ತಲೆಲ್ಲಾ ಘಮ. ಅಶೋಕಕ್ಕೆ 3 ಅಡಿ ಅಂತರ, ಮುರಾಯ ಅದರಿಂದ 2 ಅಡಿ ಈಚೆ, 2 ಅಡಿಗೊಂದು, ಹಿಂದಿನ ಎರಡು ಅಶೋಕದ ಸಂದಿಗೆ ಸರಿಯಾಗಿ ಬರೋ ಹಾಗೆ ಆದಷ್ಟೂ ಹೊಂದಿಸಿಕೊಂಡ್ವಿ. ಮುಂದಿನ ಸಾಲು ಕುರ್ಚಿಗೆ ಇನ್ನೂ ಹತ್ತಿರ ಇರೋದ್ರಿಂದ ಅದು 7 ಅಡಿ ಆದ್ರೇ ಮೊದಲ ಮಹಡಿ ಕೆಲಸ ಮುಗೀತು, ಎರಡನೇ ಮಹಡೀನ ಅಶೋಕ ನೋಡ್ಕೊಳ್ಳುತ್ತೆ.

ಗಿಡ ತರೋವಾಗ ಎಂಟಡಿದೇ ತಂದುಬಿಡೋಣ ಅನ್ನೋ ಆಸೆ ಎಲ್ಲರಿಗೂ ಬರುತ್ತೆ. ನರ್ಸರಿ ಯಜಮಾನ್ರು ಒಂದು ಎತ್ತರದ ಗಿಡದ ಕವರ್ ಸೀಳಿ ತೋರಿಸಿದ್ರು, ಬೇರು ಕವರಿನ ಒಳಗೆ ಸುತ್ತಿ ಸುತ್ತಿ ಸಿಂಬೆ ಕಟ್ಟಿತ್ತು. ಇಂಥದ್ದು ನೆಲದಲ್ಲಿ ಇಟ್ರೂ ಎಷ್ಟೋ ದಿನ ಅಲ್ಲೇ ಸುತ್ತುತ್ತಾ ಇರುತ್ತಮ್ಮ, ನಾಲ್ಕಡಿದು ತಗೊಂಡೋಗಿ, ಎರಡು ವರ್ಷಕ್ಕೆ ಇದನ್ನ ಹಿಡಿಯುತ್ತೆ ಅಂದ್ರು. ದುಬಾರಿ ಮಾಲು ಬೇಡ ಅನ್ನೋ ವ್ಯಾಪಾರಿ ಸಿಗೋದೇ ಅಪರೂಪ, ಅವರ ಮಾತೇ ಕೇಳಿದ್ವಿ.

ಜುಲೈ, ಪುನರ್ವಸು ಮಳೆ

ಮೈಸೂರಲ್ಲಿ ಜೋರು ಮಳೆ ಮೇ ತಿಂಗಳಲ್ಲಿ, ಆಮೇಲೆ ಸೆಪ್ಟೆಂಬರ್ ಅಕ್ಟೋಬರಲ್ಲಿ. ಜುಲೈ ಅಂದ್ರೆ ಮೋಡ, ತಂಪು ಗಾಳಿ, ಆಗಾಗ ಜಿಟಿಜಿಟಿ. ಎಳೇ ಗಿಡ ಬೇರು ಬಿಡೋಕೆ ಇದಕ್ಕಿಂತ ಒಳ್ಳೇ ಟೈಮಿಲ್ಲ, ಮುಂದೆ ದೊಡ್ಡ ಮಳೆ ಕಾಯ್ತಾ ಇರುತ್ತೆ. ಗುಂಡಿ ತೆಗೆಯೋಕೆ ಹೋದ್ರೆ ಅರ್ಧ ಅಡಿ ಕೆಳಗೆ ಹಳೇ ಕಾಲದ ಕಟ್ಟಡದ ಕಸ, ಇಟ್ಟಿಗೆ ಚೂರು, ಗಾರೆ ಗಟ್ಟಿ, ಒಂದು ಮುರಿದ ಹಂಚಿನ ರಾಶಿ. ಹಾರೆ ಹಾಕಿದ್ರೆ ಠಣ್ ಅನ್ನೋದು. ಒಂದೊಂದೇ ಗುಂಡಿ ತೆಗೆಯೋದು ಬಿಟ್ಟು ಉದ್ದಕ್ಕೆ ಒಂದೂವರೆ ಅಡಿ ಆಳದ ಕಾಲುವೆ ಥರ ತೋಡಿಸಿ, ಕಸ ಹೊರಗೆ ಹಾಕಿ, ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಗಿಡಕ್ಕೊಂದು ಹಿಡಿ ಬೇವಿನ ಹಿಂಡಿ ಸೇರಿಸಿ ತುಂಬಿಸಿದ್ವಿ. ಬುಡದ ಮೇಲೆ ತೆಂಗಿನ ನಾರು, ತರಗೆಲೆ ಮುಚ್ಚಿದ್ವಿ. ಡ್ರಿಪ್ ಲೈನೂ ಅವತ್ತೇ ಎಳೆದಿದ್ದು, ಗಂಟೆಗೆ 4 ಲೀಟರ್ ಬಿಡೋ ಡ್ರಿಪ್ಪರ್ ಗಿಡಕ್ಕೆರಡು, ಕಾಂಡಕ್ಕೆ ಅಂಟಿಸದೆ ಗೇಣು ದೂರದಲ್ಲಿ.

ನೆಟ್ಟ ಮೇಲೆ ಬುಡ ಚಿಗುರ್ತಾ ಇದ್ದ ಹಾಗೇ ಮುರಾಯದ ತುದಿ ಕತ್ತರಿಸಿದೆ. ಮನೇಲಿ ದೊಡ್ಡ ಗಲಾಟೆ. ಎತ್ತರ ಬೇಕು ಅಂತ ತಾನೇ ಇಷ್ಟೆಲ್ಲಾ ಮಾಡಿದ್ದು, ಇದ್ದದ್ದನ್ನೂ ಕಟ್ ಮಾಡ್ತೀಯಲ್ಲಾ ಅಂತ ನಮ್ಮನೆಯವರು. ತುದಿ ಚಿವುಟಿದ್ರೆ ಅದರ ಕೆಳಗಿನ ಎಲೆ ಕಂಕುಳಿಂದ ಎರಡು ಮೂರು ಕವಲು ಹೊರಡುತ್ತೆ, ಅವು ಗೇಣುದ್ದ ಆದ ಮೇಲೆ ಮತ್ತೆ ಅರ್ಧಕ್ಕೆ ಕತ್ತರಿಸಿದ್ರೆ ಅಲ್ಲಿಂದ ಮತ್ತೆರಡು. ಹಾಗೇ ಬಿಟ್ರೆ ಮುರಾಯ ಛತ್ರಿ ಥರ, ಕೆಳಗೆ ಕಡ್ಡಿ, ಮೇಲೆ ನಾಲ್ಕೆಲೆ, ಆ ನಾಲ್ಕೆಲೆ ಮಧ್ಯೆ ಇಡೀ ಆಕಾಶ ಕಾಣುತ್ತೆ. ಹೆಡ್ಜಿಗೆ ಎತ್ತರ ಬೇಕಾದ್ರೆ ಮೊದಲು ಕವಲು ಬೇಕು, ಕತ್ತರಿ ಹಾಕದೆ ಅದು ಬರಲ್ಲ. ಅಶೋಕಕ್ಕೆ ಇದ್ಯಾವುದೂ ಬೇಡ, ಅದರ ತುದಿ ಮುಟ್ಟಲೇಬಾರದು, ಬೇಕಾದ ಎತ್ತರ ಬಂದ ಮೇಲಷ್ಟೇ ಕತ್ತರಿ. ಒಂದೇ ಜಾಗದಲ್ಲಿ ಎರಡು ಗಿಡಕ್ಕೆ ಉಲ್ಟಾ ರೂಲ್ಸು, ಕೆಲಸಕ್ಕೆ ಬರೋ ಅಣ್ಣನಿಗೆ ಇದನ್ನ ಅರ್ಥ ಮಾಡಿಸೋದೇ ಒಂದು ಪ್ರಾಜೆಕ್ಟು. ಈಗ ಅಶೋಕದ ಕಾಂಡಕ್ಕೆಲ್ಲಾ ಕೆಂಪು ದಾರ ಕಟ್ಟಿದೀನಿ, ದಾರ ಇದ್ದದ್ದು ಮುಟ್ಟಬೇಡ ಅಂತ. ನೋಡಿದೋರು ಹರಕೆ ಅಂದ್ಕೋತಾರೆ, ಅಂದ್ಕೊಳ್ಳಲಿ.

ಅಕ್ಟೋಬರ್

ಮಳೆಗೆ ಸಖತ್ ಚಿಗುರು. ಅಶೋಕದ ಹೊಸ ಎಲೆ ಬರೋವಾಗ ತಾಮ್ರದ ಬಣ್ಣ, ಮುಟ್ಟಿದ್ರೆ ಒದ್ದೆ ರೇಷ್ಮೆ, ಬಲೀತಾ ಬಲೀತಾ ಹಸಿರಾಗುತ್ತೆ. ಮೂಲೇಲಿರೋ ಮುರಾಯ ಮಾತ್ರ ಹಳದಿ ತಿರುಗ್ತು, ಎಲೆ ಹಳದಿ, ನರ ಹಸಿರು. ಇದು ಕಬ್ಬಿಣದ ಅಂಶ ಸಿಗದೆ ಆಗೋದು, ಆ ಮೂಲೆಯ ಕೆಳಗೆ ಗಾರೆ ಸುಣ್ಣ ಜಾಸ್ತಿ ಇತ್ತು, ಸುಣ್ಣದ ಮಣ್ಣಲ್ಲಿ ಕಬ್ಬಿಣ ಇದ್ರೂ ಬೇರಿಗೆ ದಕ್ಕಲ್ಲ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), ಒಂಚೂರು ನಿಂಬೆರಸ, ಸಂಜೆ ಹೊತ್ತು ಎಲೆಗೆ ಸ್ಪ್ರೇ. ತಂತಿ ಮೇಲೆ ಒಣಗಾಕಿರೋ ಬಟ್ಟೆ ತೆಗೆದು ಆಮೇಲೆ ಹೊಡೀರಿ, ಅನ್ನಭೇದಿ ಕಲೆ ಬಿದ್ರೆ ಯಾವ ಸೋಪಿಗೂ ಬಗ್ಗಲ್ಲ. ಹೊಸ ಎಲೆ ಹಸಿರಾಗೇ ಬಂತು, ಹಳದಿ ಆಗಿದ್ದ ಹಳೇವು ಪೂರ್ತಿ ಸರಿಹೋಗಲಿಲ್ಲ.

ಅದೇ ತಿಂಗಳು ಮುರಾಯದ ಮೇಲೆ ಹಕ್ಕಿ ಹಿಕ್ಕೆ ಥರ ಏನೋ ಅಂಟ್ಕೊಂಡಿತ್ತು, ಒರೆಸೋಣ ಅಂತ ಕಡ್ಡಿ ಹಾಕಿದ್ರೆ ಅದು ತಲೆ ಎತ್ತಿ ಕೆಂಪಗಿರೋ ಕವಲು ಕೊಂಬು ಹೊರಗೆ ಹಾಕ್ತು, ಜೊತೆಗೆ ಘಾಟು ವಾಸನೆ. ಕಾಮನ್ ಮಾರ್ಮನ್ ಚಿಟ್ಟೆ ಹುಳ. ಕರಿಬೇವು, ನಿಂಬೆ, ಮುರಾಯ ಎಲ್ಲಾ ಅದಕ್ಕೆ ಒಂದೇ ಊಟ. ಎಳೇ ಗಿಡ ಬೋಳಾಗ್ಬಾರದು ಅಂತ ಎಲೆ ಸಮೇತ ಕಿತ್ತು ನಮ್ಮ ದೊಡ್ಡ ಕರಿಬೇವಿನ ಗಿಡಕ್ಕೆ ಟ್ರಾನ್ಸ್‌ಫರ್ ಮಾಡಿದ್ವಿ. ಔಷಧಿ ಹೊಡೆದಿಲ್ಲ, ಹೊಡೆಯೋದೂ ಇಲ್ಲ. ಅಶೋಕದಲ್ಲೂ ಹಸಿರು ಹುಳ ಇವೆ, ಟೈಲ್ಡ್ ಜೇ ಚಿಟ್ಟೇದು, ಅವು ಎಷ್ಟು ಬೇಕಾದ್ರೂ ತಿನ್ನಲಿ, ಆ ಗಿಡಕ್ಕೆ ಲೆಕ್ಕಕ್ಕಿಲ್ಲ. ಬಿಳಿ ಹಿಟ್ಟು ತಿಗಣೆ ಬಂದಾಗ ಮಾತ್ರ ಬೇವಿನೆಣ್ಣೆ ಸೋಪಿನ ನೀರು.

ಬೇಸಿಗೆ ಬಗ್ಗೆ ಹೆಚ್ಚು ಹೇಳೋದಿಲ್ಲ, ಡ್ರಿಪ್ ಕಾಪಾಡ್ತು. ಬೋರ್ ನೀರಿನ ಉಪ್ಪಿಗೆ ಡ್ರಿಪ್ಪರ್ ಬಾಯಿ ಕಟ್ಕೊಳ್ಳುತ್ತೆ, ಬಿಚ್ಚಿ ಸೂಜಿ ಹಾಕಿ ತೊಳೀಬೇಕು, ಅಷ್ಟೇ ಕೆಲಸ.

ಈಗ, ಅವರೆಕಾಯಿ ಕಾಲ, ನೆಟ್ಟು ಒಂದೂವರೆ ವರ್ಷ

ನಾಲ್ಕಡಿ ಅಶೋಕ ಎಂಟೂವರೆಯಿಂದ ಒಂಬತ್ತು ಆಗಿದೆ. ತೆಂಗಿನ ನೆರಳಲ್ಲಿರೋವು ಏಳು ದಾಟಿಲ್ಲ, ಕೆಳಗಿನ ಎಲೇನೂ ತೆಳ್ಳಗಿದೆ, ಬಿಸಿಲು ಬೇಕೇ ಬೇಕು. ಮುರಾಯ ಅಷ್ಟೆಲ್ಲಾ ಕತ್ತರಿಸಿದ್ರೂ ನಾಲ್ಕಡಿ ಮೇಲಿದೆ, ಒಳಗೆ ಕೈ ಹಾಕಿದ್ರೆ ಆಚೆ ಬದಿ ಕಾಣಲ್ಲ. ಕತ್ತರಿಸೋವಾಗ ಬುಡ ಅಗಲ, ತಲೆ ಕಿರಿದು ಇಡ್ತೀವಿ, ತಲೆ ಅಗಲ ಆದ್ರೆ ಅದರ ನೆರಳಿಗೇ ಬುಡದ ಎಲೆ ಉದುರುತ್ತೆ. ಮೊದಲ ಮಹಡಿ ಬಾಲ್ಕನಿ ಅಶೋಕದ ಸಂದೀಲಿ ಪಟ್ಟಿ ಪಟ್ಟಿಯಾಗಿ ಮಾತ್ರ ಕಾಣುತ್ತೆ, ಎರಡನೇದು ಇನ್ನೂ ಪೂರ್ತಿ ಕಾಣುತ್ತೆ.

ದೂರು ಇಲ್ಲ ಅಂತಲ್ಲ. ಹಿಂದಿನ ಮನೆ ಆಂಟಿ ಕಾಂಪೌಂಡ್ ಹತ್ರ ಬಂದು, ಏನ್ರೀ, ಬೆಳಗಿನ ಬಿಸಿಲು ನಮ್ಮ ತುಳಸಿಗೆ ಬೀಳ್ತಿಲ್ಲ ಅಂದ್ರು. ನಮ್ಮ ಹಿತ್ತಲು ಪಶ್ಚಿಮಕ್ಕಿದೆ, ಹಾಗಾಗಿ ನಮ್ಮ ಗಿಡದ ಬೆಳಗಿನ ನೆರಳು ಅವರ ಕಡೆಗೇ. ಹದಿಮೂರಡಿಗೆ ತಲೆ ಕತ್ತರಿಸ್ತೀವಿ, ಅದರ ಮೇಲೆ ಬಿಡಲ್ಲ ಅಂತ ಮಾತು ಕೊಟ್ಟಿದೀವಿ, ಆ ಕಡೆ ಬಿದ್ದ ಎಲೆ ಗುಡಿಸೋಕೆ ಕೆಲಸದ ಅಣ್ಣನ್ನೇ ಕಳಿಸ್ತೀವಿ, ಅವರೂ ತುಳಸಿ ಕಟ್ಟೆ ಎರಡಡಿ ಸರಿಸಿದ್ರು. ಅತ್ತೆ ತಕರಾರು ಬೇರೆ, ಮಧ್ಯಾಹ್ನದ ಮೇಲೆ ಹಿತ್ತಲಿಗೆ ಬಿಸಿಲು ಇಲ್ಲ, ಸಂಡಿಗೆ ಒಣಗಲ್ಲ. ಸಂಡಿಗೆ ಈಗ ಟೆರೇಸ್ ಮೇಲೆ, ಎರಡನೇ ಮಹಡಿಯವರ ಕಣ್ಣ ಮುಂದೇನೇ, ಅದಕ್ಕೆ ಅತ್ತೆಗೇನೂ ಸಂಕೋಚ ಇಲ್ಲ. ಕುರ್ಚಿ ಮಾತ್ರ ಎಂಟಡಿ ಗುರುತಿಂದ ಆಚೆ ಈಚೆ ಆಗೋಕೆ ಬಿಡಲ್ಲ.

ಮುಂದಿನ ಕೆಲಸ: ಶಿವರಾತ್ರಿ ಆದ ಮೇಲೆ ಮುರಾಯಕ್ಕೆ ಒಂದು ಲೈಟ್ ಟ್ರಿಮ್ಮು, ಮೇ ಮಳೆ ಬಿದ್ದ ತಕ್ಷಣ ಗೊಬ್ಬರ, ತೆಂಗಿನ ನೆರಳಿನ ಜಾಗಕ್ಕೆ ಅಶೋಕದ ಬದಲು ನೆರಳು ತಡೆಯೋದು ಏನಾದ್ರೂ ನೋಡಬೇಕು. ಆಡುಸೋಗೆ ಆಗುತ್ತಾ ಅಂತ ಯೋಚ್ನೆ, ಯಾರಾದ್ರೂ ಅದನ್ನ ಎಂಟಡಿಗೆ ಬೆಳೆಸಿದ್ರೆ ಹೇಳಿ.